ಗುಡುಗಿನ ಕೆಳಗಿನ ನವಿಲು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತರಲ್ಲಿ, ಆರನೇ ಕ್ಲಾಸಿಗೆ. ಕುಂದಾಪುರದ ಕಡೆಯಿಂದ ಈ ತಮಿಳರ ಊರಿಗೆ ಬಂದು ಎಗ್ಮೋರಿನ ಹೋಟೆಲೊಂದರಲ್ಲಿ ಟೇಬಲ್ ಒರೆಸಿದೆ, ಹಿಟ್ಟು ರುಬ್ಬಿದೆ; ಈಗ ಅದರ ಹಿಂದಿನ ಬೀದಿಯಲ್ಲೇ ನನ್ನದೊಂದು ಹೋಟೆಲಿದೆ. ನಾಚಿಕೆಯಿಂದ ಹೇಳುತ್ತಿಲ್ಲ, ಜಂಬದಿಂದಲೇ ಹೇಳುತ್ತಿದ್ದೇನೆ. ಓದಿದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚೇನಿಲ್ಲ. ಮೆನು ಕಾರ್ಡನ್ನು ಆ ತುದಿಯಿಂದ ಈ ತುದಿಯವರೆಗೆ ಓದಿ, ಕೊನೆಗೆ ಒಂದು ಕಾಫಿಯನ್ನು ಇಬ್ಬರಿಗೆ ಹೇಳುವವರು ಅವರೇ.

ಮಗಳು ಎರಡನೇ ಕ್ಲಾಸು. ಅವಳ ಮಿಸ್ಸಿಗೆ ಹೆಸರಿಗಿಂತ ಉದ್ದ ಡಿಗ್ರಿ. ಮಕ್ಕಳನ್ನು ಹದ್ದುಬಸ್ತಿನಲ್ಲಿಡಲು ಆಕೆ ಗೋಡೆಗೆ ಸೂರ್ಯ, ಮೋಡ, ಗುಡುಗು ಅಂಟಿಸಿದ್ದಾರೆ. ಬಟ್ಟೆ ಒಣಹಾಕುವ ಕ್ಲಿಪ್ಪಿನ ಮೇಲೆ ಮಗುವಿನ ಹೆಸರು. ಸುಮ್ಮನಿದ್ದರೆ ಸೂರ್ಯನಿಗೆ, ಗಲಾಟೆ ಮಾಡಿದರೆ ಗುಡುಗಿಗೆ. ಗ್ಲಾಸು ಒಡೆದ ಸರ್ವರ್ ಹೆಸರನ್ನು ನಾನು ಮೋಡಕ್ಕೆ ಸಿಕ್ಕಿಸಿದರೆ, ಅವನು ಆ ಮೋಡಕ್ಕೇ ಕೈ ಒರೆಸಿಕೊಂಡು ಹೋದಾನು. ಇಂಥದ್ದನ್ನು ಕಲಿಯಲೂ ಕಾಲೇಜು ಬೇಕಂತೆ.

ನಮ್ಮ ಮಗಳ ಕ್ಲಿಪ್ಪು ವಾರವಿಡೀ ಗುಡುಗಿನಲ್ಲಿತ್ತು. ಅಲ್ಲಿಂದ ಕದಲದಿದ್ದರೆ ಆನ್ಯುಯಲ್ ಡೇಯ ನವಿಲಿನ ಡ್ಯಾನ್ಸು ಇಲ್ಲ. ಟಿ. ನಗರದ ಅಂಗಡಿಬೀದಿಯ ನೂಕುನುಗ್ಗಲಲ್ಲಿ ನಾನು ಚಪ್ಪಲಿ ಕಳೆದುಕೊಂಡು ತಂದ ನವಿಲಿನ ಡ್ರೆಸ್ಸನ್ನು ಅವಳು ತಬ್ಬಿಕೊಂಡು ಮಲಗುತ್ತಿದ್ದಳು. ನ್ಯಾಯ ಕೇಳಲು ಹೋದೆ.

ಮಿಸ್ ಹೇಳಿದ್ದು ಇಷ್ಟು. ಲೆಕ್ಕ ಮಾಡದ ಒಬ್ಬ ಹುಡುಗನಿಗೆ, ಓದದಿದ್ದರೆ ಹೋಟೆಲಿನಲ್ಲಿ ಟೇಬಲ್ ಒರೆಸಬೇಕಾಗುತ್ತದೆ ಅಂದರಂತೆ. ನನ್ನ ಮಗಳು ಎದ್ದು, ನಮ್ಮಪ್ಪನೂ ಒರೆಸಿದ್ದೇ, ಈಗ ಅವನದೇ ಹೋಟೆಲು, ದಿನಾ ಬೇಕಾದಷ್ಟು ತುಪ್ಪದ ದೋಸೆ ಅಂದಳಂತೆ. ಅಂದಿನಿಂದ ಕ್ಲಾಸಿನಲ್ಲಿ ಯಾರೂ ಲೆಕ್ಕ ಮಾಡುತ್ತಿಲ್ಲ. ಎಲ್ಲರೂ ಟೇಬಲ್ ಒರೆಸುವವರೇ. ನನ್ನ ಎದೆ ಇಡ್ಲಿಯ ಹಾಗೆ ಉಬ್ಬಿತು. ಮೂರು ಡಿಗ್ರಿ ಕಟ್ಟಿದ ಗೋಡೆಯನ್ನು ನನ್ನ ಕೂಸು ಒಂದು ದೋಸೆಯಲ್ಲಿ ಕೆಡವಿತ್ತು.

ಮಿಸ್ ಮೆತ್ತಗೆ, "ಸಾರ್, ನೀವೇ ಬಂದು, ಓದಬೇಕು ಅಂತ ಮಕ್ಕಳಿಗೆ ನಾಲ್ಕು ಮಾತು ಹೇಳಿ. ಇವತ್ತೇ ಅವಳನ್ನು ಸೂರ್ಯನಿಗೆ ಹಾಕುತ್ತೇನೆ," ಅಂದರು.

ಹೆಲ್ತ್ ಇನ್‌ಸ್ಪೆಕ್ಟರಿಗೂ ತಲೆ ಬಗ್ಗಿಸದವನು ನಾನು. ಆದರೆ ಆ ಡ್ರೆಸ್ಸು ಕಣ್ಣ ಮುಂದೆ ಬಂತು. ಮೊಣಕಾಲೆತ್ತರದ ಬೆಂಚುಗಳ ಮುಂದೆ ನಿಂತು, ನಾನು ಓದದೆ ಕೆಟ್ಟೆ, ನನ್ನ ಹಾಗೆ ಯಾರೂ ಆಗಬೇಡಿ ಅಂದೆ. ಮತ್ತೆ ತುಪ್ಪದ ದೋಸೆ ಅಂಕಲ್ ಎಂದು ಒಬ್ಬ ಕೇಳಿದ್ದಕ್ಕೆ, ಅದು ನಾಲಿಗೆಗೇ ಸೇರುವುದಿಲ್ಲ ಅಂದೆ. ಮೊದಲ ಬೆಂಚಿನ ಒಂದು ಹುಡುಗಿ ಅಯ್ಯೋ ಪಾಪವೆಂದು ತನ್ನ ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಕೊಟ್ಟಿತು. ಊರಿಗೆಲ್ಲ ಊಟ ಹಾಕುವವನು ಅದನ್ನು ಇಸಿದುಕೊಂಡು ತಿಂದೆ. ಮಕ್ಕಳು ಪುಸ್ತಕ ತೆರೆದರು. ಕ್ಲಿಪ್ಪು ಸೂರ್ಯನಿಗೆ ಏರಿತು. ಮಗಳು ಮಾತ್ರ ನನ್ನ ಮುಖ ನೋಡಲಿಲ್ಲ.

ಮನೆಯಿರುವ ಮಾಧವರಂವರೆಗೆ ಸ್ಕೂಟರಿನ ಹಿಂದೆ, ನನ್ನ ಸೊಂಟ ಹಿಡಿಯದೆ ಸೀಟಿನ ಕಂಬಿ ಹಿಡಿದು ಕೂತಿದ್ದಳು. ಮನೆ ಬಾಗಿಲಲ್ಲಿ, ಸಿಟ್ಟು ಬಂದಾಗ ಮಾತ್ರ ಆಡುವ ತಮಿಳಿನಲ್ಲಿ ಕೇಳಿದಳು: "ಏಂಪ್ಪಾ ಪೊಯ್ ಸೊನ್ನೆ?" ಸುಳ್ಳು ಯಾಕಪ್ಪಾ ಹೇಳಿದೆ ಅಂತ. ನಿನಗೋಸ್ಕರ ಅನ್ನುವುದು ಯಾವ ಭಾಷೆಯಲ್ಲೂ ಬಾಯಿಗೆ ಬರಲಿಲ್ಲ.

ಈಗ ನನ್ನ ಹತ್ತಿರ ಇರುವುದು ಒಂದು ಹೋಟೆಲು, ಎರಡು ರೂಮಿನ ಒಂದು ಮನೆ, ಒಂದು ಸ್ಕೂಟರು, ಬಿ.ಕಾಂ. ಓದಿದ ಒಬ್ಬಳು ಹೆಂಡತಿ, ಮತ್ತು ನನ್ನೊಡನೆ ಮಾತು ಬಿಟ್ಟ ಒಂದು ನವಿಲು.