ಮಾಸ್ಟರ್ ತಲೆಯ ಸೂಜಿಗಳು

ಎಡಗಡೆ ಯಾಕೆ? ಬಿದ್ದುಹೋಗಿರುವುದು ಬಲಗೈ. ಡಾಕ್ಟ್ರಮ್ಮ ಮಾತ್ರ ಎಡಗಿವಿಯ ಮೇಲಿನ ಕೂದಲನ್ನು ಸರಿಸಿ ಸರಿಸಿ ಜಾಗ ಹುಡುಕುತ್ತಿದ್ದಾರೆ. ಮರೆತಿದ್ದಾರೆಯೆ? ನೆನಪಿಸಲೆ? ನೆನಪಿಸಿದರೆ, ಸೂಜಿ ಹಿಡಿದು ನಿಂತವರ ತಪ್ಪನ್ನೇ ಎತ್ತಿ ಆಡಿದಂತಾಗುತ್ತದೆ. ಸುಮ್ಮನಿದ್ದರೆ, ಉಳಿದಿರುವ ಎಡಗೈಯೂ ಇವತ್ತೇ ಕೆಲಸ ಬಿಡಬಹುದು.

ಇಷ್ಟು ವಾರಗಳಿಂದ ಇದೇ ಕುರ್ಚಿಯಲ್ಲಿ ತಲೆಕೊಟ್ಟು ಕೂತಿದ್ದರೂ ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ್‌ಗೆ ಈ ಅನುಮಾನ ಬಂದಿರಲಿಲ್ಲ. ನಿನ್ನೆ ಸಂಜೆ ಅದನ್ನು ತಲೆಗೆ ತುಂಬಿದ್ದು ಎದುರುಮನೆಯ ನಿವೃತ್ತ ಕಾಂಪೌಂಡರ್. ಜೀವನವಿಡೀ ಬೇರೆಯವರು ಬರೆದುಕೊಟ್ಟ ಔಷಧಿಯನ್ನು ಬೆರೆಸಿಕೊಟ್ಟ ಆತ, ನಿವೃತ್ತಿಯಾದ ಮೇಲೆ ಬೀದಿಯವರಿಗೆಲ್ಲ ಸ್ವಂತ ಔಷಧಿ ಹೇಳುತ್ತಿದ್ದ.

"ಡಾಕ್ಟ್ರಮ್ಮ," ಎಂದ ಮಾಸ್ಟರ್ ಕೊನೆಗೆ, "ನನಗೆ ಸ್ಟ್ರೋಕ್ ಆಗಿದ್ದು ಬಲಗೈಗೆ."

"ಸ್ಟ್ರೋಕ್ ಆಗಿದ್ದು ಮಿದುಳಿಗೆ. ಬಲಗೈಯನ್ನ ಆಡಿಸೋದು ಮಿದುಳಿನ ಎಡಭಾಗ. ಅದಕ್ಕೇ ಈ ಕಡೆ." ಇನ್ನೊಂದು ಸೂಜಿ ಓರೆಯಾಗಿ ಚರ್ಮದ ಕೆಳಗೆ ಸರಿಯಿತು. "ಸೂಜಿ ಮಿದುಳಿಗೇನೂ ಹೋಗಲ್ಲ, ಹೆದರಬೇಡಿ. ಮೇಲಿಂದ ಬಾಗಿಲು ಬಡಿಯೋದಷ್ಟೆ. ಒಳಗಿನವರು ಏಳಬಹುದು, ಏಳದೇನೂ ಇರಬಹುದು. ಎದ್ದರೆ ಕೆಲಸ ಕೊಡೋದು ನಿಮ್ಮ ಜವಾಬ್ದಾರಿ."

ಆ ಚಿಕಿತ್ಸಾಲಯದ ಪದ್ಧತಿಯೇ ಹಾಗೆ. ಸೂಜಿ ಚುಚ್ಚಿಸಿಕೊಂಡು ಕಣ್ಣುಮುಚ್ಚಿ ಮಲಗುವಂತಿಲ್ಲ. ಯಾವ ಅಂಗ ಸೋತಿದೆಯೋ ಅದು ಅದೇ ಹೊತ್ತಿನಲ್ಲಿ ದುಡಿಯಬೇಕು. ಕಾಲು ಎಳೆಯುವ ಹೆಂಗಸೊಬ್ಬಳು ತಲೆತುಂಬ ಸೂಜಿ ಹೊತ್ತು ಹಜಾರದ ಗೋಡೆ ಹಿಡಿದು ನಡೆಯುತ್ತಿದ್ದಳು. ಮಾತು ಹೋಗಿದ್ದ ಮೇಷ್ಟ್ರೊಬ್ಬರು ಮೂಲೆಯಲ್ಲಿ ಕೂತು "ಸೋಮ... ಮಂಗಳ..." ಎಂದು ವಾರವನ್ನು ಬೆಟ್ಟ ಹತ್ತಿದ ಹಾಗೆ ಹತ್ತುತ್ತಿದ್ದರು. ಮಾಸ್ಟರ್ ಬೆರಳು ಬಿಚ್ಚಬೇಕಿತ್ತು. ಅವನ ಕೈ ಮುಚ್ಚಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುವುದೇ ಕಷ್ಟ. ಕತ್ತರಿ ಹಿಡಿಯುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಕತ್ತರಿಸುವುದೆಂದರೆ ಜನ ಮುಚ್ಚುವುದು ಎಂದುಕೊಳ್ಳುತ್ತಾರೆ. ಪ್ರತಿ ಸಲ ಮತ್ತೆ ಬಾಯಿ ತೆರೆಯದಿದ್ದರೆ ಕತ್ತರಿ ಬಟ್ಟೆಯನ್ನು ಕಚ್ಚಿಕೊಂಡು ನಿಂತುಬಿಡುತ್ತದೆ.

"ಇವತ್ತೇ ಮಧ್ಯಾಹ್ನ ಅಂಗಡಿ ಯಜಮಾನರ ಮುಂದೆ ಕೋಟಿನ ಬಟ್ಟೆ ಕತ್ತರಿಸಬೇಕು ಡಾಕ್ಟ್ರಮ್ಮ. ಆಗಲಿಲ್ಲ ಅಂದ್ರೆ ಕಟಿಂಗ್ ಮೇಜು ಅವರ ಅಳಿಯನಿಗೆ."

"ಹಾಗಿದ್ರೆ ಸೂಜಿ ಹಾಗೇ ಇರಲಿ. ಹೋಗಿ ಕೆಲಸ ಮಾಡಿ, ಸಂಜೆ ಬಂದು ತೆಗೆಸಿಕೊಳ್ಳಿ. ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ."

ಮಾಸ್ಟರ್ ಸಡಿಲವಾದ ಉಣ್ಣೆ ಟೋಪಿಯನ್ನು ಮೊಟ್ಟೆಗೆ ಮುಚ್ಚಳ ಹಾಕುವಷ್ಟು ಹುಷಾರಾಗಿ ತಲೆಗೆ ಇಳಿಸಿಕೊಂಡು ಹೊರಬಿದ್ದ. ಇವತ್ತು ಆ ಮೇಜನ್ನು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹಲ್ಲು ಕಚ್ಚಿದ.

ಬಸ್‌ಸ್ಟಾಪಿನಲ್ಲಿ ಕಾಂಪೌಂಡರ್ ಕಾದು ನಿಂತಿದ್ದ.

"ಯಾವ ಕಡೆ ಚುಚ್ಚಿದ್ರು?"

"ಎಡಗಡೆ."

"ಮುಗೀತು!" ಎಂದು ಕಾಂಪೌಂಡರ್ ಹಣೆ ಚಚ್ಚಿಕೊಂಡ. "ಬಲಗೈ ಹೋಗಿದೆ ಅಂತ ಎಡಕ್ಕೆ ಚುಚ್ಚೋದು, ಹಿಂದಿನ ಚಕ್ರ ಪಂಕ್ಚರ್ ಆಗಿದೆ ಅಂತ ಮುಂದಿನ ಚಕ್ರಕ್ಕೆ ಗಾಳಿ ಹೊಡೆದ ಹಾಗಲ್ವೇನ್ರಿ? ಟೋಪಿ ತೆಗೀರಿ, ನಾನೇ ಈ ಕಡೆಗೆ ಬದಲಾಯಿಸ್ತೀನಿ. ಎರಡು ನಿಮಿಷದ ಕೆಲಸ."

"ಮುಟ್ಟಿದ್ರೆ ನೋಡಿ!" ಎಂದು ಮಾಸ್ಟರ್ ಎಡಗೈಯನ್ನು ಟೋಪಿಗೆ ಅಡ್ಡ ಹಿಡಿದು, ಆಗಷ್ಟೇ ಬಂದ ಬಸ್ಸನ್ನು ಹತ್ತಿದ. ಎಲ್ಲಿಗೆ ಹೋಗುವ ಬಸ್ಸೆಂದು ನೋಡಿರಲಿಲ್ಲ. ಅದು ಅಂಗಡಿಯ ತದ್ವಿರುದ್ಧ ದಿಕ್ಕಿನದು.

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು! ನಿಮ್ಮ ಯಜಮಾನರ ಹತ್ರಾನೇ ಮಾತಾಡ್ತೀನಿ!" ಎಂಬ ಕೂಗು ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿಬಂತು.

ಇಳಿದು, ಬಸ್ಸು ಬದಲಿಸಿ, ಬೆವರಿನಲ್ಲಿ ತೊಯ್ದು ಅಂಗಡಿ ಮುಟ್ಟುವಾಗ ಮಾಸ್ಟರ್‌ಗೆ ಎಡಗೈಯೂ ಯಾಕೋ ಭಾರವೆನಿಸತೊಡಗಿತ್ತು. ಆಮೇಲೆ ನೋಡಿದರೆ ಊಟದ ಡಬ್ಬಿಯ ಚೀಲ ಅದರಲ್ಲೇ ನೇತಾಡುತ್ತಿತ್ತು.

ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಇಸ್ತ್ರಿಯ ಹಬೆ. ಅಲ್ಲಿ ಯಾರೂ ಇಲ್ಲವೆಂದು ನೋಡಿ, ಸೆಕೆ ತಾಳದೆ ಮಾಸ್ಟರ್ ಟೋಪಿ ಕಳಚಿ ಗೂಟಕ್ಕೆ ಹಾಕಿದ. ಗುಂಡಿಗಳ ತಟ್ಟೆಯನ್ನು ಮುಂದಿಟ್ಟುಕೊಂಡು, ಬಲಗೈಯಿಂದ ಒಂದೊಂದೇ ಗುಂಡಿ ಎತ್ತಿ ಬಟ್ಟಲಿಗೆ ಹಾಕತೊಡಗಿದ. ಎತ್ತುವುದಲ್ಲ, ಬಿಡುವುದು ಪರೀಕ್ಷೆ. ಬೆರಳೇ, ಬಿಡು. ಬಿಡು ಮಾರಾಯ. ಗುಂಡಿ ಟಣ್ಣೆಂದು ಬಿತ್ತು. ಮತ್ತೊಂದು. ಅವನ ಪ್ರಾಣವೆಲ್ಲ ಆ ಬೆರಳುಗಳ ತುದಿಗೆ ಇಳಿದಿತ್ತು. ತಲೆಯ ಮೇಲೆ ಏನು ನಡೆಯುತ್ತಿದೆಯೆಂದು ನೋಡಿಕೊಳ್ಳಲು ಅಲ್ಲಿ ಯಾರೂ ಉಳಿದಿರಲಿಲ್ಲ.

ತಲೆಯ ಮೇಲೆ ನಡೆದದ್ದು ಇಷ್ಟು. ಹೊರಗೆ ಕನ್ನಡಿಯ ಮುಂದೆ ದಪ್ಪ ವಕೀಲರು ಹೊಸ ಕೋಟಿನ ಟ್ರಯಲ್‌ಗೆ ನಿಂತಿದ್ದರು. "ಕೋರ್ಟಿಗೆ ಹೊತ್ತಾಯ್ತು, ಹಿಂದಿನ ಅಂಚು ಸುಮ್ನೆ ಪಿನ್ ಮಾಡಿಕೊಡಿ, ಹಾಕ್ಕೊಂಡೇ ಹೋಗ್ತೀನಿ, ಸಂಜೆ ಹೊಲಿದ್ರಾಯ್ತು" ಎಂದು ಅವಸರ ಮಾಡುತ್ತಿದ್ದರು. ಅವರ ಬೆನ್ನ ಹಿಂದೆ ಮಂಡಿಯೂರಿ, ಅವರಿಗೆ ಮುಖವೇ ಕಾಣದ ಹಾಗೆ ಪಿನ್ ಮಾಡುತ್ತಿದ್ದದ್ದು ಮಾಸ್ಟರ್‌ನ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಪಿನ್ನಿನ ಡಬ್ಬಿ ಖಾಲಿ. ಆದರೆ ಆ ಅಂಗಡಿಯಲ್ಲಿ ಪಿನ್ ಮುಗಿದರೆ ಯಾರೂ ಪೇಟೆಗೆ ಓಡುತ್ತಿರಲಿಲ್ಲ. ಅಳತೆ ತೆಗೆಯುವಾಗ ಪಿನ್ನನ್ನು ಬಾಯಲ್ಲಿ ಕಚ್ಚಬೇಡಿರೆಂದು ಹೆಂಡತಿ ಆಣೆ ಹಾಕಿಸಿದಾಗಿನಿಂದ ಮಾಸ್ಟರ್ ಅದನ್ನು ತನ್ನ ಪೊದೆಯಂಥ ಕೂದಲಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಬೇಕಾದವರು ಬಂದು ತೆಗೆದುಕೊಳ್ಳುತ್ತಿದ್ದರು. ಭಾಮೈದ ಒಳಗೆ ಬಂದ, ಬಗ್ಗಿದ್ದ ತಲೆಯಲ್ಲಿ ಮಿಂಚುವುದನ್ನು ಕಂಡ, ಚಕಚಕನೆ ಕಿತ್ತುಕೊಂಡು ಹೋದ. ಚಿಕಿತ್ಸೆಯ ಸುದ್ದಿ ಅಂಗಡಿಯಲ್ಲಿ ಯಾರಿಗೂ ತಿಳಿಯಬಾರದೆಂದು ಮಾಸ್ಟರ್ ಅವನಿಗೂ ಹೇಳಿರಲಿಲ್ಲ.

ಬಟ್ಟಲು ತುಂಬಿತು. ಮಾಸ್ಟರ್ ನೆಟ್ಟಗಾಗಿ, ಟೋಪಿಗೆಂದು ಎದ್ದು, ತಲೆಯ ಮೇಲೆ ಮೆಲ್ಲಗೆ ಕೈಯಾಡಿಸಿದ. ಬರೀ ಕೂದಲು ತಾಗಿತು.

"ಏಯ್! ನನ್ನ ತಲೇಲಿ ಇದ್ದದ್ದು ಎಲ್ಲೋ?"

"ಪಿನ್ನಾ ಭಾವ? ವಕೀಲರ ಕೋಟಲ್ಲಿದೆ. ಎಲ್ಲಿಂದ ತಂದ್ರಿ? ಬೆಣ್ಣೇಲಿ ಇಳಿದ ಹಾಗೆ ಇಳೀತು ನೋಡಿ!"

"ಅದು ಪಿನ್ ಅಲ್ಲ ಕಣೋ! ಚಿಕಿತ್ಸೆ!"

ವಿಷಯ ತಿಳಿಯುತ್ತಿದ್ದ ಹಾಗೆ ಭಾಮೈದನ ಮುಖ ಒಗೆದು ಹಿಂಡಿದ ಬಟ್ಟೆಯಂತಾಯಿತು. "ಅಯ್ಯೋ ಭಾವ, ವಕೀಲರು ಹೊರಟುಹೋದ್ರಲ್ಲ. ಈಗ ಓಡಿಹೋಗಿ..."

"ಓಡಿಹೋಗಿ? ಅವರ ಬೆನ್ನಿಂದ ತೆಗೆದು ನನ್ನ ತಲೆಗೆ ಚುಚ್ತೀಯಾ?"

ಅಷ್ಟರಲ್ಲಿ ಯಜಮಾನರು ಒಳಗೆ ಬಂದರು. ಅವರ ಹಿಂದೆ ಅಳಿಯ. ಅಳಿಯನ ಹಿಂದೆ, ಗೆದ್ದ ಮುಖ ಹೊತ್ತುಕೊಂಡು, ಕಾಂಪೌಂಡರ್. ಮಾಸ್ಟರ್ ಗೂಟದಲ್ಲಿದ್ದ ಟೋಪಿಯನ್ನು ತೆಗೆದು ಒಂದೇ ಏಟಿಗೆ ಕಿವಿಯವರೆಗೂ ಎಳೆದುಕೊಂಡ.

"ಏನ್ರಿ ಮಾಸ್ಟರ್, ತಲೆತುಂಬ ಸೂಜಿ ಚುಚ್ಚಿಸ್ಕೊಂಡು ಬಂದಿದ್ದೀರಂತೆ? ಇವರು ಎಲ್ಲಾ ಹೇಳಿದ್ರು. ಬಾಗಿಲಲ್ಲಿ ಹೇಳಿದ್ರು, ಮೆಟ್ಟಿಲಲ್ಲಿ ಹೇಳಿದ್ರು, ನಾನು ಕೂತ ಮೇಲೆ ಮತ್ತೆ ಹೇಳಿದ್ರು."

"ತಪ್ಪು ಕಡೆ ಚುಚ್ಚಿದ್ದಾರೆ ಸ್ವಾಮಿ," ಎಂದ ಕಾಂಪೌಂಡರ್. "ಟೋಪಿ ತೆಗೆಸಿ, ತೋರಿಸ್ತೀನಿ."

"ಗಾಳಿ ತಾಗಬಾರದು!" ಎಂದ ಮಾಸ್ಟರ್. ಹೇಳಿದ ಮೇಲೆ ತನಗೇ ಆಶ್ಚರ್ಯವಾಯಿತು. ಸುಳ್ಳು ಇಷ್ಟು ಸಲೀಸಾಗಿ ಬರುವುದಾದರೆ ಬೆರಳು ಯಾಕೆ ಬರಬಾರದು?

ಯಜಮಾನರು ತಮ್ಮ ಸ್ವಂತ ಕೋಟಿಗೆಂದು ತರಿಸಿದ ಬೂದುಬಣ್ಣದ ಉಣ್ಣೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿದರು. "ನೋಡೋಣ. ಆದ್ರೆ ಆಗುತ್ತೆ ಅನ್ನಿ, ಇಲ್ಲಾಂದ್ರೆ ಈಗಲೇ ಇಲ್ಲ ಅನ್ನಿ. ಬಟ್ಟೆ ಹಾಳು ಮಾಡಬೇಡಿ."

ಸೂಜಿಯಿಲ್ಲ. ಇನ್ನೊಂದು ದಿನ ಕೇಳಿದರೆ ಇನ್ನೊಂದು ದಿನದ ಹೊತ್ತಿಗೆ ಮೇಜು ಇರುವುದಿಲ್ಲ. ಅಳಿಯ ಆಗಲೇ ಮೇಜಿನ ಅಂಚಿನ ಮೇಲೆ, ಅದು ತನ್ನದೇ ಎಂಬಂತೆ, ಮೊಣಕೈ ಊರಿದ್ದ. ಮಾಸ್ಟರ್ ಆ ಮೊಣಕೈಯನ್ನೇ ನೋಡಿದ.

"ಆಗುತ್ತೆ," ಎಂದ. "ಸ್ವಲ್ಪ ಸರೀರಿ."

ಚಾಕಿನ ಗೆರೆಗಳನ್ನು ಎಡಗೈಯಿಂದ ಎಳೆದ. ಆಮೇಲೆ ದೊಡ್ಡ ಕತ್ತರಿಯೊಳಕ್ಕೆ ಬಲಗೈಯ ಹೆಬ್ಬೆರಳನ್ನೂ ಉಳಿದ ಬೆರಳುಗಳನ್ನೂ ಒಂದೊಂದಾಗಿ, ನಿದ್ದೆಗಣ್ಣಿನ ಮಕ್ಕಳನ್ನು ಶಾಲೆಗೆ ಅಟ್ಟುವ ಹಾಗೆ, ತುರುಕಿದ. ಮೊದಲ ಕಚ್ಚು ಬಿತ್ತು. ಕತ್ತರಿ ಮುಚ್ಚಿತು. ಮುಚ್ಚಿಯೇ ಇತ್ತು.

ಕಾಂಪೌಂಡರ್ ಗಂಟಲು ಸರಿಮಾಡಿಕೊಂಡ. ಅಳಿಯ ಗಡಿಯಾರ ನೋಡಿದ. ಭಾಮೈದ ಕಣ್ಣು ಮುಚ್ಚಿಕೊಂಡ.

ಮಾಸ್ಟರ್‌ಗೆ ಅವರು ಯಾರೂ ಕಾಣಲಿಲ್ಲ. ತೋಳಿನೊಳಗಿನ ಉದ್ದನೆಯ ಕತ್ತಲೆಯ ಓಣಿಯೊಂದರ ಆಚೆ ತುದಿಯಲ್ಲಿ ಯಾರೋ ಮಲಗಿದ್ದಾರೆ. ಈಚೆಯಿಂದ ಅವನು ಕರೆಯುತ್ತಿದ್ದಾನೆ. ಏಳು. ಬಡಿಯುವವರು ಬಡಿದು ಹೋಗಿದ್ದಾಯಿತು, ಇನ್ನು ನೀನೇ ಏಳಬೇಕು. ಹೆಬ್ಬೆರಳು ನಡುಗಿತು. ಕೂದಲೆಳೆಯಷ್ಟು ಸರಿಯಿತು. ಕತ್ತರಿ ಬಾಯಿ ತೆರೆಯಿತು.

ಕರ್ರ್. ತೆರೆಯಿತು. ಕರ್ರ್. ತೆರೆಯಿತು. ಬೆನ್ನಿನ ಉದ್ದನೆಯ ಗೆರೆ ಮುಗಿದು ಕಂಕುಳಿನ ತಿರುವು ಬಂತು. ಒಳ್ಳೆಯ ಕೈಗಳೂ ಅಲ್ಲಿ ತಡವರಿಸುತ್ತವೆ. ಮಾಸ್ಟರ್‌ನ ಕತ್ತರಿ ತಿಳಿದ ಬೀದಿಯಲ್ಲಿ ಸೈಕಲ್ ತಿರುಗಿದಂತೆ ತಿರುಗಿ ಆಚೆ ಬಂತು. ಕೊನೆಯ ತುಂಡು ಬೇರೆಯಾದಾಗ ಅವನು ಉಸಿರು ಬಿಟ್ಟ. ಬೆವರು ಟೋಪಿಯಿಂದ ತೊಟ್ಟಿಕ್ಕುತ್ತಿತ್ತು.

ಯಜಮಾನರು ತುಂಡನ್ನೆತ್ತಿ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಒಂದು ಹಲ್ಲಿನ ಗುರುತೂ ಇರಲಿಲ್ಲ.

"ಭೇಷ್! ಕಾಯಿಲೆಗೆ ಮೊದಲೂ ಇಷ್ಟು ಚೆನ್ನಾಗಿ ಕತ್ತರಿಸಿರಲಿಲ್ಲ ನೀವು! ಸೂಜಿ ಅಂದ್ರೆ ಸೂಜಿ ಕಣ್ರಿ!" ಕಾಂಪೌಂಡರ್ ಕಡೆ ತಿರುಗಿದರು. "ಏನೋ ತಪ್ಪು ಕಡೆ ಅಂತಿದ್ರಲ್ಲ?"

"ನಾನು ಹೇಳಿದ್ದೂ ಅದೇ," ಎಂದ ಕಾಂಪೌಂಡರ್ ಕಣ್ಣು ಮಿಟುಕಿಸದೆ. "ಸೂಜಿ ಇದ್ರೆ ಉಂಟು, ತೆಗೆದ್ರೆ ಕೈ ಮತ್ತೆ ಮೊದಲಿನ ಹಾಗೆ."

ಯಜಮಾನರು ಗಂಭೀರರಾದರು. "ಅದೂ ಹೌದು. ಸರಿ ಮಾಸ್ಟರ್, ಮೇಜು ನಿಮ್ಮದೇ. ಆದ್ರೆ ಸೂಜಿ ಇದ್ದ ದಿನ ಮಾತ್ರ. ಸೂಜಿಯಿಲ್ಲದೆ ನನ್ನ ಬಟ್ಟೆಗೆ ಕತ್ತರಿ ತಾಗಿಸೋ ಹಾಗಿಲ್ಲ. ಆ ದಿನ ಅಳಿಯ ಕತ್ತರಿಸ್ತಾನೆ. ಇವರು ಹೇಗೂ ಬಿಡುವಾಗಿದ್ದಾರೆ, ನಾಳೆಯಿಂದ ದಿನಾ ಬೆಳಿಗ್ಗೆ ಬಂದು ನಿಮ್ಮ ತಲೆ ನೋಡಿ ಹೇಳಲಿ."

"ಗಾಳಿ ತಾಗದ ಹಾಗೆ ನೋಡ್ತೀನಿ," ಎಂದ ಕಾಂಪೌಂಡರ್ ಕೆಲಸ ಸಿಕ್ಕ ಸಂತೋಷದಲ್ಲಿ.

ಮಾಸ್ಟರ್‌ಗೆ ನಗು ಬಂತು. ಇಷ್ಟೇ ತಾನೆ? ಟೋಪಿ ಕಳಚಿ ತೋರಿಸಿದರಾಯಿತು. ಕತ್ತರಿಸಿದ್ದು ನನ್ನ ಕೈ ಸ್ವಾಮಿ, ಬರೀ ನನ್ನ ಕೈ. ಅವನು ಟೋಪಿಗೆ ಕೈಹಾಕಿ ಬಾಯಿ ತೆರೆದ.

ಬಾಗಿಲು ದಢಾರೆಂದಿತು. ಒಳಗೆ ಬಂದವರು ದಪ್ಪ ವಕೀಲರು. ಕೋಟು ತೋಳಿನ ಮೇಲಿತ್ತು. ಒಂದು ಕೈ ಹಿಂಬದಿಯನ್ನು ಹಿಡಿದುಕೊಂಡಿತ್ತು.

"ಯಾರ್ರೀ ಇದನ್ನ ಚುಚ್ಚಿದ್ದು? ಕೋರ್ಟಲ್ಲಿ ಕೂತೆ. ಕೂತ ಹಾಗೇ ಎದ್ದೆ. ಎದುರಿನ ವಕೀಲರು ಒಂದು ಮಾತೂ ಆಡಿರಲಿಲ್ಲ, ಜಡ್ಜು 'ಏನು ನಿಮ್ಮ ಆಕ್ಷೇಪಣೆ?' ಅಂತ ಕೇಳಿದ್ರು. ಏನಂತ ಹೇಳಲಿ? ಮತ್ತೆ ಕೂತೆ, ಮತ್ತೆ ಎದ್ದೆ. ಕೊನೆಗೆ ಇಡೀ ವಾದವನ್ನ ನಿಂತೇ ಕೇಳಿದೆ!"

ಅವರು ಯಜಮಾನರ ಅಂಗೈಗೆ ಒಂದು ಸೂಜಿ ಹಾಕಿದರು. ಯಜಮಾನರು ಅದನ್ನು ಕಣ್ಣಿನ ಹತ್ತಿರ ಹಿಡಿದರು. "ಇದೆಂಥ ಪಿನ್ನು? ಕೂದಲಿನ ಹಾಗಿದೆ. ನಮ್ಮ ಅಂಗಡೀದೇ ಅಲ್ಲ. ಯಾರು ಹಾಕಿದ್ದು ಅಂತ ಗೊತ್ತಾಗಲಿ, ಈ ಗಳಿಗೇಲೇ ಹೊರಗೆ ಹಾಕ್ತೀನಿ. ಏನ್ರಿ ಮಾಸ್ಟರ್, ಬಾಯಿ ತೆರೆದಿರಿ, ಏನೋ ಹೇಳೋಕೆ ಹೊರಟಿದ್ರಿ?"

ಟೋಪಿ ತೆಗೆದರೆ ತಲೆ ಖಾಲಿ. ತಲೆ ಖಾಲಿಯಾದರೆ ಸೂಜಿ ಎಲ್ಲಿ ಎಂಬ ಪ್ರಶ್ನೆ. ಅದರ ಉತ್ತರ ಯಜಮಾನರ ಅಂಗೈಯಲ್ಲೇ ಇತ್ತು. ಇಸ್ತ್ರಿಮೇಜಿನ ಹಿಂದೆ ಭಾಮೈದ ಇದ್ದಲ್ಲೇ ಕುಗ್ಗಿ, ಅಕ್ಕನ ಹಾಗೆಯೇ ಕೆಳತುಟಿ ಕಚ್ಚಿಕೊಂಡು ನಿಂತಿದ್ದ.

ಮಾಸ್ಟರ್ ಟೋಪಿಯಿಂದ ಕೈ ಇಳಿಸಿದ. "ಸೆಕೆ ಅಂತ ಹೇಳೋಕೆ ಹೊರಟಿದ್ದೆ," ಎಂದ.

ಸಂಜೆ ಚಿಕಿತ್ಸಾಲಯದಲ್ಲಿ ಡಾಕ್ಟ್ರಮ್ಮ ನಡೆದದ್ದನ್ನೆಲ್ಲ ಕೇಳಿ ಮೊದಲು ಬೈದರು. ಆಮೇಲೆ ಅವನಿಂದ ಅಂಗಿಯ ಗುಂಡಿ ಬಿಚ್ಚಿಸಿದರು, ಹಾಕಿಸಿದರು, ಪೆನ್ನು ಎತ್ತಿಸಿದರು, ಬಿಡಿಸಿದರು. ಅವರ ಮುಖ ಅರಳಿತು. "ಸೂಜಿ ಎಷ್ಟು ಮಾಡ್ತೋ, ಅಭ್ಯಾಸ ಎಷ್ಟು ಮಾಡ್ತೋ, ನಿಮ್ಮ ಹಠ ಎಷ್ಟು ಮಾಡ್ತೋ ನಾನು ಹೇಳಲಾರೆ. ಕೈ ಅಂತೂ ಬಂತು. ಇನ್ನು ಸೂಜಿ ಬೇಡ. ವ್ಯಾಯಾಮ ಮಾತ್ರ ಬಿಡಬೇಡಿ."

"ಬೇಡ ಅನ್ನಬೇಡಿ ಡಾಕ್ಟ್ರಮ್ಮ! ಚುಚ್ಚಿ, ದಯವಿಟ್ಟು. ದಿನಾ ಚುಚ್ಚಿ. ಬಲಗಡೆ ಬೇಕಾದ್ರೂ ಚುಚ್ಚಿ!"

"ವಾಸಿಯಾದವರಿಗೆ ಯಾರು ಚುಚ್ತಾರೆ? ನಾನು ಕಾಯಿಲೆಗೆ ಚುಚ್ಚೋದು, ನಿಮ್ಮ ಯಜಮಾನರ ನಂಬಿಕೆಗಲ್ಲ. ಮುಂದಿನವರನ್ನ ಕಳಿಸಿ."

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಬೆಳಿಗ್ಗೆ ಹಾಕಿಕೊಳ್ಳಲಾಗದ ತೋಳಿನ ಗುಂಡಿ ಈಗ ಹಾಕಿರುವುದನ್ನು ನೋಡಿದ್ದೇ ಅವಳ ಕಣ್ಣು ತುಂಬಿಬಂತು. "ಕೈ ಬಂತಾ? ಮತ್ತೆ ಮೇಜು?"

"ನಾಳೆಯಿಂದ ಅಳಿಯ ಕತ್ತರಿಸ್ತಾನೆ. ನಾನು ಗುಂಡಿ ಹೊಲೀತೀನಿ."

"ಕೈ ಬಂದ ಮೇಲೂ ಯಾಕ್ರೀ?"

ಒಳಗೆ ಊಟಕ್ಕೆ ಕೂತಿದ್ದ ಭಾಮೈದನ ಕೈ ತಟ್ಟೆಯ ಮೇಲೆ ನಿಂತಿತು. ಮಾಸ್ಟರ್ ಅತ್ತ ನೋಡಲಿಲ್ಲ. "ಯಜಮಾನರ ಇಷ್ಟ," ಎಂದು ಟೋಪಿ ಕಳಚಿದ.

ಆ ಕೋಟನ್ನು ಯಜಮಾನರು ಬಹಳ ಕಾಲ ಹಾಕಿಕೊಂಡರು, ಬಂದವರಿಗೆಲ್ಲ ತೋರಿಸಿದರು. ಅದನ್ನು ಕತ್ತರಿಸುವಾಗ ತಲೆಯಲ್ಲಿ ಒಂದು ಸೂಜಿಯೂ ಇರಲಿಲ್ಲವೆಂದು ಮಾಸ್ಟರ್ ಅವರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.