ಹರಾಜಿಗಿಟ್ಟ ಗಿಟಾರಿನ ಕುಂದುಕೊರತೆ

ಕೆಲವರಿಗೆ ಚಿನ್ನದ ಹುಚ್ಚು, ಕೆಲವರಿಗೆ ಸೈಟಿನ ಹುಚ್ಚು. ನನಗಿರುವುದು ಯಾರೋ ಬಾರಿಸಿ ಬಿಟ್ಟ ಹಳೆಯ ಬೇಸ್ ಗಿಟಾರುಗಳನ್ನು ಆನ್‌ಲೈನ್ ಹರಾಜಿನಲ್ಲಿ ಕೂಗಿ ಕೊಳ್ಳುವ ಹುಚ್ಚು. ಬೇಸ್ ಗಿಟಾರ್ ಎಂದರೆ ನಾಲ್ಕೇ ತಂತಿಯ, ದಪ್ಪ ದನಿಯ, ವೇದಿಕೆಯಲ್ಲಿ ಹಿಂದೆ ನಿಲ್ಲುವವನ ಕೈಯಲ್ಲಿರುವ ವಾದ್ಯ. ಹುಳಿಯಲ್ಲಿ ಇಂಗು ಇದ್ದ ಹಾಗೆ. ಇದ್ದಾಗ ಯಾರೂ ಹೊಗಳುವುದಿಲ್ಲ, ಇಲ್ಲದಾಗ ಏನೋ ಕಡಿಮೆಯಾಗಿದೆ ಅನ್ನಿಸುತ್ತದೆ. ಹರಾಜಿನ ಹುಚ್ಚಂತೂ ನನಗೆ ಪಿತ್ರಾರ್ಜಿತ. ತುಮಕೂರಿನಲ್ಲಿ ನಮ್ಮ ಬೀದಿಯ ಗಣಪತಿಯನ್ನು ಬಿಡುವ ದಿನ ಪ್ರಸಾದದ ತೆಂಗಿನಕಾಯಿ ಹರಾಜಾಗುತ್ತಿತ್ತು. ಎದುರು ಮನೆಯವರು ಕೂಗಿದರೆಂಬ ಒಂದೇ ಕಾರಣಕ್ಕೆ ನಮ್ಮಪ್ಪ ಇನ್ನೂ ಹೆಚ್ಚಿಗೆ ಕೂಗಿ, ಗೆದ್ದ ಕಾಯನ್ನು ಎದೆಗವುಚಿಕೊಂಡು, ಅಮ್ಮನ ಮುಖ ನೋಡದೆ ನೇರವಾಗಿ ದೇವರ ಮನೆಗೆ ಹೋಗುತ್ತಿದ್ದರು. ನನಗೆ ಅಷ್ಟು ಧೈರ್ಯವೂ ಇಲ್ಲ. ಗೆದ್ದ ಗಿಟಾರನ್ನು ಪೆರುಂಗುಡಿಯ ಆಫೀಸಿನ ವಿಳಾಸಕ್ಕೆ ತರಿಸಿ, ಯಾರೋ ಸಹೋದ್ಯೋಗಿ ಎರಡು ದಿನ ಇಟ್ಟುಕೊಳ್ಳಲು ಕೊಟ್ಟಿದ್ದಾರೆಂದು ಹೇಳಿ ಮನೆಯೊಳಗೆ ತರುತ್ತೇನೆ.

ನಾಲ್ಕನೆಯದು ಬಂದಾಗ ಈ ಸುಳ್ಳು ನಡೆಯಲಿಲ್ಲ. ಮೈಲಾಪೂರಿನ ನಮ್ಮ ಹಳೆಯ ಫ್ಲಾಟಿನಲ್ಲಿ ಅದಾಗಲೇ ಒಂದು ಗಿಟಾರು ಬೀರುವಿನ ಮೇಲೆ, ಒಂದು ಬಾಗಿಲ ಹಿಂದೆ, ಒಂದು ಮಂಚದ ಕೆಳಗೆ ಸಂಸಾರ ಹೂಡಿದ್ದವು. ಹೊಸದನ್ನು ನಡುಮನೆಯಲ್ಲಿ ಇಸ್ತ್ರಿ ಮೇಜಿಗೆ ಒರಗಿಸಿದ್ದೆ. ನನ್ನ ಹೆಂಡತಿ ವಸುಧಾ ಕೂಗಾಡುವವಳಲ್ಲ. "ಇರೋದು ಎರಡು ಕೈ. ನಾಲ್ಕು ಗಿಟಾರ್ ಯಾಕ್ರೀ?" ಎಂದಷ್ಟೇ ಕೇಳಿದಳು. ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕೆಂದು ತೀರ್ಪಾಯಿತು. ಯಾವುದು ಹೋಗಬೇಕೆಂಬುದನ್ನೂ ಅವಳೇ ನಿರ್ಧರಿಸಿದಳು. ಒಂದೊಂದರ ಪೆಟ್ಟಿಗೆಯ ಮೇಲೂ ಬೆರಳಾಡಿಸಿ, ಹೆಚ್ಚು ಧೂಳು ಮೆತ್ತಿದ್ದನ್ನು ತೋರಿಸಿದಳು. ಅದು ಮಂಚದ ಕೆಳಗಿನದು, ನನ್ನ ಮೊದಲನೆಯದು.

ಆ ಗಿಟಾರು ನನಗೆಷ್ಟು ಬೇಕಾದದ್ದು ಎಂದು ಹೇಳಿದರೆ ನೀವು ನಗಬಹುದು. ಹತ್ತೊಂಬತ್ತು ವರ್ಷಗಳ ಹಿಂದೆ, ತಮಿಳಿನ ಒಂದಕ್ಷರವೂ ಬಾರದೆ ಈ ಊರಿಗೆ ಬಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತಿರುತ್ತಿದ್ದಾಗ, ಸಂಜೆ ಹೊತ್ತು ನನ್ನ ಮಾತಿಗೆ ಗುಂಯ್ ಎಂದು ಓಗೊಡುತ್ತಿದ್ದದ್ದು ಅದೊಂದೇ. ಆಗಲೇ ಅದು ಹಳೆಯದು; ಜಪಾನಿನಲ್ಲಿ ಹುಟ್ಟಿ ಯಾರ್ಯಾರದೋ ಕೈ ದಾಟಿ ಬಂದದ್ದು. ಹಳೆಯ ಪ್ರೀತಿಯ ಮೇಲೆ ಧೂಳು ಸ್ವಲ್ಪ ಹೆಚ್ಚೇ ಇರುತ್ತದೆ ಎಂದು ವಾದಿಸಿ ನೋಡಿದೆ. ಹದಿನೇಳು ವರ್ಷದಿಂದ ನನ್ನ ಜೊತೆಗಿರುವ ವಸುಧಾ ಆ ಮಾತನ್ನು ಬೇರೆ ಅರ್ಥದಲ್ಲಿ ತೆಗೆದುಕೊಳ್ಳುವಂತೆ ಕಂಡಿದ್ದರಿಂದ ಅಲ್ಲಿಗೇ ನಿಲ್ಲಿಸಿದೆ.

ಆಗ ನನಗೊಂದು ಉಪಾಯ ಹೊಳೆಯಿತು. ಹರಾಜಿಗೇನೋ ಇಡೋಣ, ಆದರೆ ಯಾರೂ ಕೊಳ್ಳದಂತೆ ಇಡೋಣ. ಆಫೀಸಿನಲ್ಲಿ ನನ್ನ ಕೆಲಸ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಆ ವಿದ್ಯೆಯನ್ನೆಲ್ಲ ಧಾರೆಯೆರೆದೆ. ಎರಡನೆಯ ತಂತಿ ಗೊರಗೊರ ಅನ್ನುತ್ತದೆ, ದನಿ ಏರಿಳಿಸುವ ಗುಂಡಿ ತಿರುಗಿಸಿದರೆ ಕರಕರ ಸದ್ದು, ಬೆನ್ನಿನ ಮೇಲೆ ಬೆಲ್ಟಿನ ಬಕ್ಕಲ್ ಗೀರಿ ಬಣ್ಣ ಎದ್ದಿದೆ, ಒಂದು ಅಂಚಿನಲ್ಲಿ ಹುಳಿ ಚೆಲ್ಲಿದ ಕಲೆ. ಒಂದನ್ನೂ ಬಿಡದೆ ಬರೆದು, ಒಂದೊಂದಕ್ಕೂ ಹತ್ತಿರದಿಂದ ಫೋಟೋ ತೆಗೆದು ಹಾಕಿದೆ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಅನು ಅದನ್ನು ಓದಿ, "ಅಪ್ಪಾ, ಇದು ವಿಕ್ಕವೇ ವಿಕ್ಕಾದು" ಎಂದಳು. ಮಾರಾಟವಾಗುವುದೇ ಇಲ್ಲ ಎಂದು ಅವಳು ತಮಿಳಿನಲ್ಲಿ ನುಡಿದ ಭವಿಷ್ಯ ನನಗೆ ಆಶೀರ್ವಾದದಂತೆ ಕೇಳಿಸಿತು.

ಹಳೆಯ ವಾದ್ಯದ ಹುಚ್ಚರ ಸ್ವಭಾವ ನಾನೂ ಅವರಲ್ಲೊಬ್ಬನಾಗಿದ್ದೂ ನನಗೆ ಮರೆತೇ ಹೋಗಿತ್ತು. ಅವರಿಗೆ ಬೇಕಾದದ್ದೇ ಗಾಯ. ಗೀರಿದ್ದರೆ ಮತ್ತೆ ಬಣ್ಣ ಬಳಿದಿಲ್ಲ ಎಂದರ್ಥ. ಗುಂಡಿ ಕರಕರ ಅಂದರೆ ಒಳಗಿನದೇನನ್ನೂ ಬದಲಿಸಿಲ್ಲ ಎಂದರ್ಥ. ಸಂಜೆಯೊಳಗೆ ಆರು ಜನ ಕೂಗಿದ್ದರು. ನಾನು ಗಾಬರಿಯಾಗಿ ಇನ್ನೆರಡು ಕುಂದು ಸೇರಿಸಿದೆ, ಕೂಗು ಇನ್ನೂ ಏರಿತು. ಗುಂಡಿಯನ್ನು ಯಾರಾದರೂ ಬಿಚ್ಚಿದ್ದರೇ ಎಂದು ಒಬ್ಬರು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇಲ್ಲ ಎಂದು ಬರೆದೆ. ಮತ್ತೆ ಏರಿತು. ಒಮ್ಮೆ ಕೂಗು ಬಿದ್ದ ಮೇಲೆ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮವನ್ನು ನಾನು ಆಮೇಲೆ ಓದಿದೆ.

ಗೆದ್ದವರು ಪೋರೂರಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಸದಾನಂದ ರಾಯರು, ಕುಂದಾಪುರದ ಕಡೆಯವರು. ಕೊರಿಯರ್ ಬೇಡ, ತಾವೇ ಬರುತ್ತೇನೆಂದು ಫೋನು ಮಾಡಿ, ಭಾನುವಾರ ಬೆಳಿಗ್ಗೆ ಬಂದರು. ಅರವತ್ತು ದಾಟಿದವರು, ಮಡಿಸಿದ ತೋಳಿನ ಬಿಳಿ ಅಂಗಿ. ಹರೆಯದಲ್ಲಿ ಯಾವುದೋ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದರಂತೆ. ಹೋಟೆಲಿನ ಗಡಿಬಿಡಿಯಲ್ಲಿ ಬಿಟ್ಟುಹೋಯಿತಂತೆ. ಅಷ್ಟೊಂದು ಕುಂದುಗಳಿದ್ದರೂ ಇದೇ ಏಕೆ ಬೇಕಾಯಿತು ಎಂದು ಕೊನೆಯ ಆಸೆಯಿಂದ ಕೇಳಿದೆ.

"ಇಷ್ಟು ಕುಂದು ಬರೆದು ಮಾರುವವರನ್ನು ನಾ ಕಂಡದ್ದೇ ಇಲ್ಲ ಮಾರಾಯ್ರೇ. ಓದುವಾಗ್ಲೇ ಗೊತ್ತಾಯ್ತು, ಇವರಿಗೆ ಕೊಡ್ಲಿಕ್ಕೆ ಮನಸ್ಸಿಲ್ಲ ಅಂತ. ಹಾಗಾದ್ರೆ ಒಳ್ಳೇದೇ ಇರ್ಬೇಕಲ್ಲ, ನಾ ಬಿಡ್ಲೇ ಇಲ್ಲ."

ಬಚ್ಚಲಿಗೆ ಹೋಗಿ ಕೈ ತೊಳೆದು, ಒರೆಸಿಕೊಂಡು ಬಂದು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡರು. ಶ್ರುತಿ ಮಾಡಿದರು. ಆಮೇಲೆ ನುಡಿಸಿದರು. ಅವಸರವಿಲ್ಲದ, ದುಂಡನೆಯ ಸ್ವರಗಳು ಒಂದರ ಹಿಂದೊಂದು ನಡೆದು ಬಂದವು. ಗೊರಗೊರ ಎನ್ನುತ್ತದೆಂದು ನಾನು ಬರೆದಿದ್ದ ತಂತಿ ಅವರ ಬೆರಳಿನಡಿ ಸುಮ್ಮನೆ ಹಾಡಿತು. ಕುಂದು ತಂತಿಯದಾಗಿರಲಿಲ್ಲ. ವಸುಧಾ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು.

"ಇದು ನಮ್ಮನೇಲಿದ್ದದ್ದೇನಾ?" ಎಂದಳು.

ನನಗೆ ಹೊಟ್ಟೆಕಿಚ್ಚಾಯಿತು, ನಾಚಿಕೆಯೂ ಆಯಿತು. ಇವೆರಡಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ರಾಯರು ನನ್ನ ಮುಖ ನೋಡಿ ನುಡಿಸುವುದನ್ನು ನಿಲ್ಲಿಸಿದರು. ಕೊಡುವುದು ಬೇಡವೆಂದರೆ ಈಗಲೇ ಹೇಳಿಬಿಡಿ, ಬೇಸರವಿಲ್ಲದೆ ಬರಿಗೈಲಿ ಹೋಗುತ್ತೇನೆ ಎಂದರು. ಒಂದು ವಾರದಿಂದ ನಾನು ಹಂಬಲಿಸುತ್ತಿದ್ದ ಮಾತು ಅದೇ. ವಸುಧಾ ಕೂಡ, ಇರಲಿ ಬಿಡಿ, ಬೇರೆ ಯಾವುದನ್ನಾದರೂ ಮಾರೋಣ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಆದರೆ ನನ್ನಲ್ಲಿ ಉಳಿದರೆ ಅದು ಹೋಗುವುದು ಮತ್ತೆ ಮಂಚದ ಕೆಳಗೇ. "ತಗೊಂಡು ಹೋಗಿ, ರಾಯರೇ" ಎಂದೆ. ಪೆಟ್ಟಿಗೆಯನ್ನು ನಾನೇ ಹೊತ್ತು ಆಟೋದವರೆಗೆ ಹೋಗಿ ಬಂದೆ.

ಈಗ ಪ್ರತಿ ಮಂಗಳವಾರ ಸಂಜೆ ಆಫೀಸಿನಿಂದ ನೇರವಾಗಿ ಪೋರೂರಿಗೆ ಹೋಗುತ್ತೇನೆ. ಹೋಟೆಲಿನ ಹಿಂದಿನ ಉಗ್ರಾಣದಲ್ಲಿ, ಅಕ್ಕಿಮೂಟೆಗಳ ನಡುವೆ ಕೂರಿಸಿ ರಾಯರು ಪಾಠ ಹೇಳುತ್ತಾರೆ. ಅಷ್ಟು ದೂರ ಗಿಟಾರು ಹೊತ್ತು ತರುವುದು ಬೇಡ, ಇಲ್ಲೇ ಒಂದಿದೆಯಲ್ಲ ಎಂದಿದ್ದಾರೆ. ಹತ್ತೊಂಬತ್ತು ವರ್ಷ ನನ್ನದಾಗಿದ್ದ ಗಿಟಾರನ್ನು ವಾರಕ್ಕೊಂದು ಗಂಟೆ ಅವರಿಂದ ಕೇಳಿ ಪಡೆದು, ನುಡಿಸಲು ಕಲಿಯುತ್ತಿದ್ದೇನೆ.