ಖಂಡ್ಯಾ, ಉಂಡ್ಯಾ?

ನಾಯಿಗೆ ಹೆಸರಿಡುವುದೇನು ಮಹಾ ಬ್ರಹ್ಮವಿದ್ಯೆಯೇ ಎಂದು ನೀವು ಕೇಳಬಹುದು. ಪುಣೆಯ ಸದಾಶಿವ ಪೇಠದ ಖಂಡಪ್ಪನವರನ್ನು ಮಾತ್ರ ಕೇಳಬೇಡಿ. ಅವರ ಮನೆಯ ನಾಯಿಯ ಹೆಸರು ಖಂಡ್ಯಾ. ಇಟ್ಟವರು ಶತ್ರುಗಳಲ್ಲ, ಸ್ವಂತ ಅಣ್ಣ.

ಅಣ್ಣ ಶಿವಪ್ಪ ದೌಂಡದಲ್ಲಿ ರೈಲ್ವೆ ನೌಕರಿ ಮುಗಿಸಿ, ಹೆಂಡತಿ ತೀರಿಕೊಂಡ ಮೇಲೂ ಅಲ್ಲಿಯೇ ಒಬ್ಬನೇ ಇದ್ದ. ಈ ಶ್ರಾವಣದಲ್ಲಿ ಅವನೂ ಹೋದ. ದಿವಸ ಮುಗಿಸಿ ಅಣ್ಣನ ಮನೆಗೆ ಬೀಗ ಹಾಕುತ್ತಿದ್ದಾಗ ನೆರೆಮನೆಯ ಸರೋಜಮ್ಮ ಅಂಗಳದಲ್ಲಿ ನಿಂತು, "ಏ ಖಂಡ್ಯಾ, ಬಾರೋ ಇಲ್ಲಿ!" ಎಂದು ಕೂಗಿದರು. ಪೆನ್ಶನ್ ತಿನ್ನುವ ಮನುಷ್ಯನನ್ನು ಹೀಗೆ ಕೂಗುವುದೇ? ಖಂಡಪ್ಪನವರಿಗೆ ಸಿಟ್ಟು ಬಂತು. ಆದರೂ ಬಾಯಿ ತಾನಾಗಿ "ಓ" ಅಂದಿತು. ಅಷ್ಟರಲ್ಲಿ ಒಂದು ಕಿವಿ ಜೋತ ಕಂದು ನಾಯಿಯೊಂದು ಅವರ ಕಾಲಸಂದಿಯಿಂದ ನುಸುಳಿ ಹೋಗಿ ಸರೋಜಮ್ಮನ ಮುಂದೆ ಬಾಲ ಅಲ್ಲಾಡಿಸುತ್ತ ನಿಂತಿತು.

"ನನ್ನ ಹೆಸರು ನಾಯಿಗಿಟ್ಟಾನೇನು! ಜಗತ್ತಿನ್ಯಾಗ ಮೋತಿ ಇರಲಿಲ್ಲ? ರಾಜಾ ಇರಲಿಲ್ಲ?"

"ಸಿಟ್ಟಾಗಬ್ಯಾಡ್ರಿ," ಅಂದರು ಸರೋಜಮ್ಮ. "ನೀವು ಇರೂದು ಪುಣೆದಾಗ, ಹೆಂಡ್ತಿ ಹೋದ ಮ್ಯಾಲೆ ಅವರಿಗೆ ಮಾತಾಡಾಕ ಯಾರಿದ್ರು? ದಿನಾ ಸಂಜಿಮುಂದ ಕಟ್ಟಿ ಮ್ಯಾಲೆ ಕುಂತು 'ಖಂಡ್ಯಾ, ಉಂಡ್ಯಾ?' ಅಂತ ಕೇಳತಿದ್ರು. ನಾಯಿ ಉಂಡು ಭಾಳ ಹೊತ್ತಾಗಿರತಿತ್ತು. ಆದ್ರೂ ಕೇಳತಿದ್ರು."

ಖಂಡಪ್ಪನವರ ಸಿಟ್ಟು ಅಲ್ಲೇ ಇಳಿದುಹೋಯಿತು. ಆ ಮಾತು ಅವರ ಚಿಕ್ಕಂದಿನದು. ಅವ್ವ ಬೇಗ ತೀರಿಕೊಂಡಿದ್ದರಿಂದ ತಮ್ಮನ ಹೊಟ್ಟೆಯ ಖಾತೆ ಅಣ್ಣನ ಪಾಲಿಗೆ ಬಂದಿತ್ತು. ಕೊನೆಯವರೆಗೂ ಫೋನಿನಲ್ಲಿ ಅವನ ಮೊದಲ ಮಾತು ಅದೇ. ಪುಣೆಯಲ್ಲಿ ಖಂಡಪ್ಪನವರು ಅಂಗಡಿಯವನಿಗೆ 'ಕಾಕಾ', ರಿಕ್ಷಾದವನಿಗೆ 'ಆಜೋಬಾ' ಎಂಬ ಅಜ್ಜ, ಬ್ಯಾಂಕಿನಲ್ಲಿ ಬರೀ ಟೋಕನ್ ನಂಬರು. ಹೆಸರು ಹಿಡಿದು ಕರೆಯುವ ಬಾಯಿ ಅದೊಂದೇ ಉಳಿದಿತ್ತು. ಈಗ ಅದೂ ಮಣ್ಣಾಯಿತು. (ಹೆಂಡತಿ ಇಲ್ಲವೇ ಅನ್ನುತ್ತೀರಾ? ಸ್ವಲ್ಪ ತಡೀರಿ, ಅಲ್ಲಿಗೇ ಬರುತ್ತಿದ್ದೇನೆ.)

ಕಾಶವ್ವ ಮದುವೆಯಾದಾಗಿನಿಂದ ಗಂಡನ ಹೆಸರನ್ನು ನಾಲಿಗೆಯ ಮೇಲೆ ತಂದವರಲ್ಲ. ತಂದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಅವರ ತಾಯಿ ಹೇಳಿ ಕಳಿಸಿದ್ದರು. ಮದುವೆಯ ದಿನ ಹೆಂಗಸರೆಲ್ಲ ಸೇರಿ ಒತ್ತಾಯ ಮಾಡಿದಾಗ ಒಡಪಿನಲ್ಲಿ ಒಮ್ಮೆ ಹೆಸರು ಹೇಳಿದ್ದುಂಟು. ಆದರೆ ಅದೇ ಹೊತ್ತಿಗೆ ಬ್ಯಾಂಡಿನವನು ತುತ್ತೂರಿ ಊದಿದ್ದರಿಂದ ಮದುಮಗನಿಗೆ ಕೇಳಿಸಲಿಲ್ಲ. ಆ ಬ್ಯಾಂಡಿನವನನ್ನು ಖಂಡಪ್ಪನವರು ಇಂದಿಗೂ ಕ್ಷಮಿಸಿಲ್ಲ.

ಅಂಥ ಮನೆಗೆ ಖಂಡ್ಯಾ ಬಂದ.

"ಇದಕ್ಕ ಟಾಮಿ ಅನ್ನೋಣ್ರಿ," ಅಂದರು ಕಾಶವ್ವ.

"ಅಣ್ಣ ಇಟ್ಟ ಹೆಸರು ಬದಲಿಸಂಗಿಲ್ಲ!" ಎಂದು ಖಂಡಪ್ಪನವರು ಗುಡುಗಿದರು. ಸಂಸಾರದಲ್ಲಿ ಅದು ಅವರ ಮೊಟ್ಟಮೊದಲ ಗುಡುಗು. ಒಳಗಿನ ಆಸೆ ಬೇರೆಯೇ ಇತ್ತು. ನಾಯಿ ಸಾಕಿದ ಮೇಲೆ ಒಂದಲ್ಲ ಒಂದು ದಿನ ಹೆಸರು ಹಿಡಿದು ಕೂಗಲೇಬೇಕಲ್ಲ! ಸಾಯುವುದರೊಳಗೆ ಆ ಬಾಯಿಂದ ಒಮ್ಮೆ ಕೇಳಿದರೆ ಸಾಕು.

ಕಾಶವ್ವ ಅಷ್ಟು ಸುಲಭಕ್ಕೆ ಸಿಕ್ಕುವವರೇ? ಗಂಡನ ಹೆಸರಿನ ಪ್ರಾಣಿಗೆ ಏಕವಚನವೂ ಸಲ್ಲದು ಎಂದು, "ಏನ್ರೀ, ಬರ್ರಿ, ಚಪಾತಿ ತಿನ್ನಬರ್ರಿ" ಎಂದು ಕರೆಯತೊಡಗಿದರು. ನಾಯಿ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಖಂಡಪ್ಪನವರು ಮಾತ್ರ ತಪ್ಪದೆ ಬರುತ್ತಿದ್ದರು.

ಒಂದು ದಿನ ಸೂಜಿ ಹಾಕಿಸಲು ಗಂಡಹೆಂಡತಿ ನಾಯಿಯನ್ನು ಸ್ವಾರಗೇಟ ಕಡೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಸ್‌ಸ್ಟ್ಯಾಂಡಿನ ಎದುರು ಕೊರಳಪಟ್ಟಿ ಬಿಚ್ಚಿಹೋಯಿತು. ಹಿಂದಕ್ಕೆ ಸರಿಯುತ್ತಿದ್ದ ಬಸ್ಸಿನತ್ತ ನಾಯಿ ನೇರ ಓಡಿತು.

"ಏನ್ರೀ! ಏನ್ರೀ!" ಎಂದು ಕಾಶವ್ವ ಕಿರುಚಿದರು. ವಿಜಯಪುರದ ಬಸ್ಸಿಗೆ ಕಾಯುತ್ತಿದ್ದ ನಾಲ್ಕೈದು ಗಂಡಂದಿರು ಬೆಚ್ಚಿ ತಿರುಗಿದರು. ನಾಯಿ ತಿರುಗಲಿಲ್ಲ. ಬಸ್ಸಿನ ಗಾಲಿ ಅದರ ಬಾಲದ ಹತ್ತಿರಕ್ಕೇ ಬಂತು.

"ಖಂಡ್ಯಾ! ಏ ಖಂಡ್ಯಾ!"

ನಾಯಿ ಚಂಗನೆ ಹಾರಿ ಈಚೆ ಬಂತು. ರಸ್ತೆಯ ನಡುವೆ ನಿಂತಿದ್ದ ಖಂಡಪ್ಪನವರು, ಕಣ್ಣು ತುಂಬಿಕೊಂಡು "ಓ..." ಅಂದರು.

"ನಿಮಗಲ್ರಿ! ಆ ನಾಯಿಗೆ!" ಎನ್ನುತ್ತ ಕಾಶವ್ವ ಗಲ್ಲ ಗಲ್ಲ ಬಡಿದುಕೊಂಡು, ತಾಳಿ ಕಣ್ಣಿಗೊತ್ತಿಕೊಂಡರು. ಗಂಡನ ಆಯುಷ್ಯಕ್ಕೆ ಪೆಟ್ಟು ಬಿತ್ತೆಂದು ಮನೆಗೆ ಬಂದು ಸೋಮವಾರದ ಉಪವಾಸ ಹಿಡಿದರು. ಇನ್ನೊಮ್ಮೆ ಇಂಥ ಅಪಚಾರ ಆಗದಿರಲೆಂದು ಚಪಾತಿಯ ಚೂರು ತೋರಿಸಿ ತೋರಿಸಿ, ಹಗಲೆಲ್ಲ ನಾಯಿಗೆ 'ಏನ್ರೀ' ಕಲಿಸಿದರು.

ರುಚಿ ಹತ್ತಿದ್ದ ಖಂಡಪ್ಪನವರು ಸುಮ್ಮನಿದ್ದಾರೆಯೇ? ಒಂದು ಬೆಳಿಗ್ಗೆ ತಾವಿದ್ದ ಹಳೆಯ ವಾಡೆಯ ಬಾಗಿಲಲ್ಲಿ ಪಟ್ಟಿಯ ಕೊಂಡಿಯನ್ನು ತಾವೇ ಮೆಲ್ಲನೆ ಬಿಚ್ಚಿ, ಕಣ್ಣು ಮುಚ್ಚಿ ಕಾದರು. ನಾಯಿ ಓಡಿತು. "ಏನ್ರೀ!" ಎಂದಿತು ಕಾಶವ್ವನ ದನಿ. ನಾಯಿ ಗಕ್ಕನೆ ತಿರುಗಿ, ಬಾಯಿ ತೆರೆದುಕೊಂಡು ವಾಪಸು ಬಂತು. ಹೆಸರಂತೂ ಸಿಗಲಿಲ್ಲ, ಇದ್ದೊಂದು 'ಏನ್ರೀ'ಗೂ ಪಾಲುದಾರ ಹುಟ್ಟಿಕೊಂಡ.

ಅವತ್ತು ಮಧ್ಯಾಹ್ನ ಖಂಡಪ್ಪನವರು ನಾಯಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. ಯಾರೂ ಕರೆಯದಿದ್ದರೆ ತಾವೇ ಕರೆದುಕೊಂಡರಾಯಿತು ಎಂದು, ಅಣ್ಣನ ರಾಗದಲ್ಲೇ, "ಖಂಡ್ಯಾ, ಉಂಡ್ಯಾ?" ಅಂದರು.

ನಾಯಿ ಜಿಗಿದೆದ್ದಿತು. ಆದರೆ ಅವರ ಕಡೆ ನೋಡಲಿಲ್ಲ. ಜೋತ ಕಿವಿಯನ್ನೂ ನಿಮಿರಿಸಿ ಬಾಗಿಲ ಕಡೆ ನೋಡಿತು, ಮೂಸಿತು, ಕುಂಯ್ ಎಂದಿತು. ಖಂಡಪ್ಪನವರೂ ಬಾಗಿಲು ನೋಡಿದರು. ಅಣ್ಣ ಬರುವುದಿಲ್ಲವೆಂದು ಗೊತ್ತಿದ್ದೂ ನೋಡಿದರು. ಆಮೇಲೆ ನಾಯಿಯ ಕುತ್ತಿಗೆ ತಬ್ಬಿಕೊಂಡು ಸಣ್ಣ ಹುಡುಗನ ಹಾಗೆ ಅತ್ತರು.

ಅಡುಗೆಮನೆಯ ಬಾಗಿಲಲ್ಲಿ ಕಾಶವ್ವ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಏನೋ, ಅವರ ಮೂಗಿನ ತುದಿಯೂ ಕೆಂಪಾಗಿತ್ತು.

"ಏನ್ರೀ, ಉಂಡ್ರೇನು?" ಎಂದು ಎಂದೂ ಇಲ್ಲದಷ್ಟು ಮೆತ್ತಗೆ ಕೇಳಿದರು.

ಖಂಡಪ್ಪನವರು ಕಣ್ಣೊರೆಸಿಕೊಂಡು, "ಇನ್ನೂ ಇಲ್ಲ" ಅಂದರು.

"ನಿಮ್ಮನ್ನಲ್ರಿ ಕೇಳಿದ್ದು."

ಹಾಗೆ ಅಂದರೂ ಅವರ ಕೈಯಲ್ಲಿ ತಾಟು ಎರಡಿದ್ದವು. ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಇಟ್ಟರು. ತುಪ್ಪ ಸವರಿದ ಚಪಾತಿ ಮಾತ್ರ ಖಂಡ್ಯಾನ ತಾಟಿನಲ್ಲಿತ್ತು.